ಎರಡು ಮನೆಯ ಅನ್ನ

ಗಲ್ಫಿನ ಮದೀನತ್ ಖಲೀಫಾದಲ್ಲಿದ್ದ ಅಲಿಯಬ್ಬರ ಮನೆಗೆ ಹೆಣ್ಣಿನ ಕಡೆಯವರು ಬಂದದ್ದು ನಿಕಾಹ್‌ನ ತಾರೀಕು ಗೊತ್ತುಮಾಡಲು. ಮೊಮ್ಮಗ ಅನ್ಸಾಫ್‌ಗೂ ಅಫ್ಸಾನಾಳಿಗೂ ಪರಸ್ಪರ ಒಪ್ಪಿಗೆಯಾಗಿತ್ತು. ಉಳಿದದ್ದು ಅಜ್ಜಂದಿರು.

ಅಫ್ಸಾನಾಳ ಅಜ್ಜ ಅಬ್ದುಲ್ ಲತೀಫ್ ಇದಕ್ಕಾಗಿಯೇ ಊರಿನಿಂದ ಬಂದಿದ್ದರು. ಚಹಾ ಬರುವ ಮೊದಲೇ ವಿಷಯ ಹೊರಬಿತ್ತು. ಐವತ್ತೇಳರ ವಿಧಾನಸಭೆ ಚುನಾವಣೆಯಲ್ಲಿ ಅಲಿಯಬ್ಬರ ತಂದೆಯ ಎದುರು ಲತೀಫರ ತಂದೆ ನಿಂತಿದ್ದರು.

“ನಿಮ್ಮ ಬಾಪ ಬಿರಿಯಾನಿ ಹಾಕಿ ಓಟು ಎಳೆದದ್ದು,” ಎಂದರು ಅಲಿಯಬ್ಬ.

“ನಿಮ್ಮವರು ಎಂಥ ಹಾಕಿದ್ದು ಹಾಜಿಯವರೇ, ಉಪವಾಸವಾ? ಬೆಳಿಗ್ಗೆ ನಿಮ್ಮಲ್ಲಿ ತುಪ್ಪದನ್ನ, ಮಧ್ಯಾಹ್ನ ನಮ್ಮಲ್ಲಿ ಬಿರಿಯಾನಿ. ಇಡೀ ಊರು ಎರಡೂ ಕಡೆ ಉಂಡಿದೆ.”

“ಉಂಡರೇನು, ಓಟು ಜಾಸ್ತಿ ಬಿದ್ದದ್ದು ನನ್ನ ಬಾಪನಿಗೆ.”

“ಅಜ್ಜ, ತಾರೀಕು...” ಎಂದ ಅನ್ಸಾಫ್.

“ತಾರೀಕು ಎಲ್ಲಿಗೂ ಓಡುವುದಿಲ್ಲ ಮಾರಾಯ.”

ಲತೀಫ್ ಎದ್ದು ಚಪ್ಪಲಿ ಹುಡುಕತೊಡಗಿದರು. “ನನ್ನ ಬಾಪನನ್ನು ಹಿಂದೆ ಹಾಕುವ ಮನೆಗೆ ಹೆಣ್ಣಿಲ್ಲ. ಖಲಾಸ್.”

ಅಲಿಯಬ್ಬರ ಹೆಂಡತಿ ಮಾಜಿದಾ ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತರು. “ಹೋಗುವ ಮೊದಲು ಒಂದು ಹೇಳಿ. ಗೆದ್ದದ್ದು ಯಾರು?”

ಲತೀಫರಿಗೆ ಆಗಲೇ ಒಂದು ಚಪ್ಪಲಿ ಸಿಕ್ಕಿತ್ತು.

“ಮೂರನೆಯವ, ಹುಂಜದ ಗುರುತಿನವ,” ಎಂದರು ಅಲಿಯಬ್ಬ, ತಗ್ಗಿದ ದನಿಯಲ್ಲಿ. “ಒಬ್ಬನಿಗೂ ಒಂದು ಲೋಟ ಚಾ ಕೊಟ್ಟವನಲ್ಲ.”

ಆ ಕಾಲದಲ್ಲಿ ಅಭ್ಯರ್ಥಿಗೊಂದು ಮತಪೆಟ್ಟಿಗೆ. ಪರದೆಯ ಹಿಂದೆ ಹೋಗಿ ಬೇಕಾದ ಗುರುತಿನ ಪೆಟ್ಟಿಗೆಗೆ ಚೀಟಿ ಹಾಕಬೇಕಿತ್ತು. ಎರಡೂ ಮನೆಯ ಅನ್ನ ಉಂಡವರು ಒಬ್ಬರಿಗೆ ಹಾಕಿದರೆ ಇನ್ನೊಬ್ಬರ ಅನ್ನಕ್ಕೆ ದ್ರೋಹ ಬಗೆದಂತೆ. ಹಾಗಾಗಿ ಮೂರನೆಯ ಪೆಟ್ಟಿಗೆ ತುಂಬಿತು.

“ನಮ್ಮವರು ನ್ಯಾಯಸ್ಥರು,” ಎಂದರು ಲತೀಫ್, ಒಂದೇ ಚಪ್ಪಲಿಯಲ್ಲಿ ನಿಂತು.

“ಗೆದ್ದ ಮೇಲೆ ಅವ ಊರಿಗೆ ಮುಖ ತೋರಿಸಿದ್ದಾನಾ?” ಎಂದು ಕೇಳಿದರು ಅಲಿಯಬ್ಬ.

“ಎಲ್ಲಿಯ ಮುಖ! ಮಸೀದಿ ಹತ್ತಿರದ ಸೇತುವೆ ಇನ್ನೂ ಅವನ ಭಾಷಣದಲ್ಲೇ ಉಂಟು.”

“ಹರಾಮ್‌ಖೋರ.”

“ಸರಿಯಾಗಿ ಹೇಳಿದಿರಿ ಹಾಜಿಯವರೇ.” ಲತೀಫ್ ಚಪ್ಪಲಿ ಕಳಚಿ ಅಲಿಯಬ್ಬರ ಪಕ್ಕದಲ್ಲೇ ಕೂತರು.

“ಯಲ್ಲಾ, ಬೇಗ ಆಗಲಿ,” ಎಂದರು ಮಾಜಿದಾ, “ಅವನನ್ನು ಬೈಯುತ್ತಲೇ ತಾರೀಕು ಹೇಳಿ.”

ಹಬ್ಬ ಕಳೆದ ಮೊದಲ ಶುಕ್ರವಾರ ಎಂದಾಯಿತು. ಇಬ್ಬರೂ ಕೈ ಕೊಟ್ಟುಕೊಂಡರು.

ಅನ್ಸಾಫ್ ಖುಷಿಯಲ್ಲಿ ಮೊಬೈಲ್ ತೆಗೆದ. “ಅಜ್ಜ, ಹಳೆಯ ರಿಸಲ್ಟ್ ಎಲ್ಲ ಇಂಟರ್‌ನೆಟ್‌ನಲ್ಲಿ ಉಂಟು. ಎರಡನೆಯವರು ಯಾರು ಅಂತ ಈಗಲೇ...”

ಮಾಜಿದಾ ಮೊಬೈಲ್ ಕಿತ್ತುಕೊಂಡು ಸೋಫಾದ ಮೇಲಿಟ್ಟು, ಅದರ ಮೇಲೆ ಕೂತರು.

“ನಿಕಾಹ್ ಆದ ಮೇಲೆ ನೋಡು.”