ಏಣಿಯ ಬುಡ

ಒಂದು ಊರಿತ್ತು. ಹೆಸರು ಹೇಳಿದರೆ ಅಲ್ಲಿಯವರು ಬಂದು ಅದು ನಮ್ಮೂರಲ್ಲ ಎಂದು ಜಗಳ ತೆಗೆಯುತ್ತಾರೆ, ಪಕ್ಕದೂರಿನವರು ಬಂದು ನಮ್ಮೂರೇ ಎಂದು ಜಗಳ ತೆಗೆಯುತ್ತಾರೆ. ಆದ್ದರಿಂದ ಹೆಸರು ಬೇಡ. ಆ ಊರಿನಲ್ಲಿ ನೂರಿಪ್ಪತ್ತು ಹೆಂಚಿನ ಮನೆಗಳಿದ್ದವು, ಬೇಕಾದಷ್ಟು ಮಂಗಗಳಿದ್ದವು, ಒಂದೇ ಒಂದು ಏಣಿ ಇತ್ತು. ಮಂಗಗಳು ಹೆಂಚು ಸರಿಸುವುದು, ಜನ ಏಣಿ ಹತ್ತಿ ಅದನ್ನು ಮತ್ತೆ ಕೂರಿಸುವುದು, ಇದೇ ಅಲ್ಲಿನ ಮುಖ್ಯ ಕಸುಬು ಎಂದರೂ ತಪ್ಪಾಗಲಾರದು.

ಏಣಿ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲು ಪೂರ್ತಿ ಬಿದಿರಿನದೇ ಇತ್ತಂತೆ. ಮೆಟ್ಟಿಲು ಮುರಿದಾಗ ಒಬ್ಬರು ನೇಗಿಲಿನ ತುಂಡು ಕಟ್ಟಿದರು, ಇನ್ನೊಬ್ಬರು ಸವೆದ ಒನಕೆ ಕಟ್ಟಿದರು, ಮತ್ತೊಬ್ಬರು ಮುರಿದ ಮಂಚದ ಕಾಲು ಕಟ್ಟಿದರು. ಹೀಗೆ ಹದಿನೇಳು ಮೆಟ್ಟಿಲೂ ಹದಿನೇಳು ಮನೆಗಳಿಂದ ಬಂದವು. ಅದಕ್ಕೆ ಇಂಥದೇ ಜಾಗ ಎಂದೂ ಇರಲಿಲ್ಲ. ಕೊನೆಗೆ ಯಾರು ಹತ್ತಿದರೋ ಅವರ ಮನೆಯ ಗೋಡೆಗೆ ಒರಗಿಕೊಂಡಿರುತ್ತಿತ್ತು. ಬೇಕಾದವರು ಹುಡುಕಿಕೊಂಡು ಹೋಗಬೇಕು. ಹೋದರೆ ಆ ಮನೆಯಿಂದ ಒಬ್ಬರು ಏಣಿಯ ಹಿಂದಿನ ತುದಿ ಹೊತ್ತುಕೊಂಡು ಜೊತೆಗೆ ಬರಬೇಕು, ಬಂದು ಬುಡ ಹಿಡಿಯಬೇಕು. ಮೇಲಿದ್ದವರು ಇಳಿಯುವ ತನಕ ಬಿಡುವಂತಿಲ್ಲ. ಬುಡ ಹಿಡಿದವರಿಗೆ ಮಾತಾಡುವುದು ಬಿಟ್ಟು ಬೇರೆ ಕೆಲಸವಿಲ್ಲವಾದ್ದರಿಂದ ಊರಿನ ಅರ್ಧ ಮದುವೆಗಳು ಏಣಿಯ ಬುಡದಲ್ಲೇ ಕುದುರಿದ್ದವು.

ಊರಿನ ಕೊನೆಗೆ, ದಿಬ್ಬದ ಮೇಲೆ, ಪಾಲಾಕ್ಷಪ್ಪ ಎಂಬ ಅನುಕೂಲಸ್ಥನ ಮನೆ ಇತ್ತು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಖಾಲಿ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನು ದಿನಾ ಜಗಲಿಗೆ ಚಾಪೆ ಹಾಸಿ, ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು, ಯಾರಾದರೂ ಬಂದಾರೆಂದು ಕೂತಿರುತ್ತಿದ್ದ. ಕೆಲಸವಿಲ್ಲದೆ ದಿಬ್ಬ ಹತ್ತುವವರು ಯಾರು? ಏಣಿ ಅವನ ಮನೆಯಲ್ಲಿದ್ದಾಗ ಮಾತ್ರ ಬರುತ್ತಿದ್ದರು. ಬಂದವರು ಮಜ್ಜಿಗೆ ಕುಡಿದು, ಎಲೆ ಹಾಕಿಕೊಂಡು, ಒಂದು ಗಳಿಗೆ ಕೂತು, ಅವನನ್ನೂ ಕರೆದುಕೊಂಡೇ ಏಣಿ ಒಯ್ಯುತ್ತಿದ್ದರು. ಮಾರನೆಯ ದಿನದಿಂದ ಮತ್ತೆ ಚಾಪೆ, ಮತ್ತೆ ತಟ್ಟೆ.

ಒಮ್ಮೆ ಮಳೆ ಹಿಡಿದು ಯಾರೂ ಸೂರು ಹತ್ತುವಂತಿಲ್ಲದೆ ಏಣಿ ಅವನ ಮನೆಯಲ್ಲೇ ಮೂರು ದಿನ ಉಳಿಯಿತು, ಕೇಳಿಕೊಂಡು ಬಂದ ಹನ್ನೊಂದು ಜನ ಕೂತು ಹೋದರು. ನಾಲ್ಕನೆಯ ದಿನ ಒಬ್ಬನೇ ಕೂತು ಪಾಲಾಕ್ಷಪ್ಪ ಯೋಚಿಸಿದ. ಮೂರು ದಿನ ಇದ್ದರೆ ಹನ್ನೊಂದು ಜನ, ಸದಾ ಇಲ್ಲೇ ಇದ್ದರೆ ಇಡೀ ಊರು ಸದಾ ಇಲ್ಲೇ. ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಕಾಣಲಿಲ್ಲ.

ಜನ ಬೇಕು ಎಂದು ಬಾಯಿಬಿಟ್ಟು ಕೇಳಲು ಯಾರಿಗಾದರೂ ನಾಚಿಕೆಯೇ. ಅವನು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿ ಬೇರೆಯದೇ ಮಾತಾಡಿದ.

"ನೋಡ್ರಪ್ಪ, ಏಣಿ ಮಳೇಲಿ ನೆನೀತೈತೆ, ಬಿಸಿಲಲ್ಲಿ ಒಣಗ್ತೈತೆ. ಬೇಕಾದಾಗ ಊರೆಲ್ಲ ಅಲೀಬೇಕು. ಅದಕ್ಕೊಬ್ಬ ಯಜಮಾನ ಬೇಡ್ವಾ?"

"ಇಷ್ಟು ದಿನ ಬೇಕಾಗಿರ್ಲಿಲ್ವಲ್ಲ ಕಣಪ್ಪ" ಎಂದಳು ಸಣ್ಣೀರಜ್ಜಿ, ಊರಿಗೇ ಹಿರಿಯಳು, ಆಗ ಮೂರನೆಯ ಹೋಳಿಗೆಯಲ್ಲಿದ್ದಳು.

"ಅದಕ್ಕೇ ಅಜ್ಜಿ, ನಮ್ಮೂರು ಮುಂದಕ್ಕೆ ಬರ್ಲಿಲ್ಲ!"

ಮುಂದೆ ಎಂದರೆ ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಬಾಯಲ್ಲೂ ಹೂರಣವಿತ್ತು. ತಲೆ ಆಡಿಸಿದರು. ಅಷ್ಟೇ ಸಾಕಾಯಿತು.

ಪಾಲಾಕ್ಷಪ್ಪ ಏಣಿಗೆ ಹಸಿರು ಬಣ್ಣ ಬಳಿಸಿದ, ಅಂಗಳದಲ್ಲಿ ಕೊಟ್ಟಿಗೆ ಕಟ್ಟಿಸಿ ಬೀಗ ಹಾಕಿದ, ಹಲಗೆಯೊಂದನ್ನು ಬರೆಸಿ ನೇತುಹಾಕಿದ: 'ಇದು ಪಾಲಾಕ್ಷಪ್ಪನ ಏಣಿ. ಮೊದಲು ಯಜಮಾನರ ಕೈಗೆ ಒಂದು ಸೇರು ರಾಗಿ, ಆಮೇಲೆ ಏಣಿ. ರಾಗಿ ಕೊಡದೆ ಯಾರೂ ಮುಟ್ಟಬಾರದು.' ಅವನಿಗೆ ರಾಗಿಯ ಆಸೆ ಇರಲಿಲ್ಲ, ಮನೆಯಲ್ಲೇ ರಾಶಿ ಬಿದ್ದಿತ್ತು. ಯಜಮಾನ ಎಂದ ಮೇಲೆ ಏನಾದರೂ ಇಸಿದುಕೊಳ್ಳಬೇಕು, ಇಲ್ಲದಿದ್ದರೆ ಜನ ಗೌರವ ಕೊಡುವುದಿಲ್ಲ ಎಂದುಕೊಂಡಿದ್ದ.

ಮೊದಲು ಬಂದವನು ಗಾಣದ ಕರಿಬಸಣ್ಣ. ಸೇರು ರಾಗಿ ಕೊಟ್ಟು, ಮಜ್ಜಿಗೆಗೂ ನಿಲ್ಲದೆ ಏಣಿ ಹೊತ್ತುಕೊಂಡು ನಡೆದ. ರಾಗಿ ಕೊಟ್ಟವನು ಕೂತು ಮಾತಾಡಿ ಹೊತ್ತು ಯಾಕೆ ಕಳೆಯುತ್ತಾನೆ? ರಾಗಿ ಇಸಿದುಕೊಂಡವನು ಬುಡ ಯಾಕೆ ಹಿಡಿಯುತ್ತಾನೆ? ಕರಿಬಸಣ್ಣ ಒಬ್ಬನೇ ಹತ್ತಿದ, ಏಣಿ ಜಾರಿತು, ಮೂರು ದಿನ ಸೊಂಟಕ್ಕೆ ಎಕ್ಕದ ಎಲೆ ಕಟ್ಟಿಕೊಂಡು ಮಲಗಿದ. ನಾಲ್ಕನೆಯ ದಿನ ಕುಂಟುತ್ತ ದಿಬ್ಬ ಹತ್ತಿ ಬಂದ.

"ಬುಡ ಹಿಡಿಯೋರು ಎಲ್ಲಿ ಪಾಲಾಕ್ಷಪ್ನೋರೆ?"

"ಏಣಿ ಬೇರೆ, ಬುಡ ಹಿಡಿಯೋದು ಬೇರೆ" ಎಂದ ಪಾಲಾಕ್ಷಪ್ಪ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಅವೆರಡೂ ಬೇರೆ ಬೇರೆ ಎಂದು ಅಲ್ಲಿಯವರೆಗೆ ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬುಡ ಹಿಡಿಯಲು ದ್ಯಾಮಣ್ಣನೆಂಬ ಆಳನ್ನು ಇಟ್ಟದ್ದಾಯಿತು, ಅದಕ್ಕೆ ಇನ್ನೊಂದು ಸೇರಾಯಿತು. ದ್ಯಾಮಣ್ಣ ಗಟ್ಟಿ ಆಳು, ಕೆಲಸದಲ್ಲಿ ನಿಯತ್ತು, ಊಟದಲ್ಲಿ ಇನ್ನೂ ನಿಯತ್ತು. ಹೊತ್ತು ನೆತ್ತಿಗೆ ಬಂದೊಡನೆ, ಮೇಲೆ ಯಾರೇ ಇರಲಿ, ಕೈ ಒದರಿಕೊಂಡು ಹೊರಟುಬಿಡುತ್ತಿದ್ದ. ಎರಡನೆಯ ಸಲ ಹತ್ತಿದ ಕರಿಬಸಣ್ಣ, ದ್ಯಾಮಣ್ಣನ ಮುದ್ದೆ ಮುಗಿದು, ಎಲೆಅಡಿಕೆ ಮುಗಿದು, ಒಂದು ನಿದ್ದೆ ಮುಗಿಯುವವರೆಗೆ ಸೂರಿನ ಮೇಲೆ ಮಂಗಗಳ ಮುಖ ನೋಡುತ್ತ ಕೂತಿದ್ದ.

ಆಮೇಲೆ ಏಣಿ ಕೇಳಿಕೊಂಡು ಯಾರೂ ಬರಲಿಲ್ಲ. ಊರಿನವರು ಜಗಳವಾಡಲಿಲ್ಲ, ಬೈಯಲೂ ಇಲ್ಲ. ಗೋಡೆಗೆ ಎತ್ತಿನ ಗಾಡಿ ಒತ್ತಿ ನಿಲ್ಲಿಸಿದರು, ಗಾಡಿಯ ಮೇಲೆ ಮಂಚ ಇಟ್ಟರು, ಮಂಚದ ಮೇಲೆ ಒಂದು ಡಬ್ಬ ಬೋರಲು ಹಾಕಿದರು, ಅದರ ಮೇಲೆ ಒಬ್ಬರು ನಿಂತರು. ಅಷ್ಟೂ ಅಲ್ಲಾಡದಂತೆ ಹಿಡಿಯಲು ಎಂಟು ಜನ ಬೇಕಿತ್ತು. ಮೊದಲು ಒಬ್ಬರು ಮಾತಾಡುತ್ತಿದ್ದ ಕಡೆ ಈಗ ಎಂಟು ಜನ ಮಾತಾಡತೊಡಗಿದರು. ಒಂದು ದಿನ ಡಬ್ಬ ಉರುಳಿ, ಮೇಲಿದ್ದವನು ಎಂಟೂ ಜನರ ಮೇಲೆ ಬಿದ್ದು, ಒಂಬತ್ತು ಜನರೂ ನಕ್ಕ ಸದ್ದು ದಿಬ್ಬದವರೆಗೆ ಕೇಳಿಸಿತು.

ಪಾಲಾಕ್ಷಪ್ಪ ಜಗಲಿಯ ಮೇಲೆ ಕೂತಿದ್ದ. ಎದುರಿಗೆ ಬೀಗ ಹಾಕಿದ ಏಣಿ, ಪಕ್ಕದಲ್ಲಿ ಬಾಡಿದ ವೀಳ್ಯದೆಲೆ. ಅವನಿಗೆ ಹೊಟ್ಟೆ ಉರಿಯಿತು. ಉರಿದದ್ದಕ್ಕಿಂತ ಹೆಚ್ಚಾಗಿ ಅಳು ಬಂತು.

ಅಷ್ಟರಲ್ಲಿ ಅಟ್ಟದ ಮೇಲಿನ ರಾಗಿಯ ವಾಸನೆ ಮಂಗಗಳಿಗೆ ಹತ್ತಿತು. ಒಂದು ಬೆಳಿಗ್ಗೆ ಬಂದು, ಸಾಲಾಗಿ ಹೆಂಚು ಕಿತ್ತು, ಹೊಟ್ಟೆ ತುಂಬಾ ತಿಂದು ಹೋದವು. ಪಡುವಲಲ್ಲಿ ಮೋಡ ಕಟ್ಟಿತ್ತು. ಪಾಲಾಕ್ಷಪ್ಪ ಗಡಿಬಿಡಿಯಲ್ಲಿ ಏಣಿ ತೆಗೆಸಿ ತಾನೇ ಹತ್ತಿದ, ದ್ಯಾಮಣ್ಣ ಬುಡ ಹಿಡಿದ. ಬಹುಪಾಲು ಹೆಂಚು ಕೂರಿಸಿ ಆಗಿತ್ತು, ಒಂದು ಕಂಡಿ ಮಾತ್ರ ಉಳಿದಿತ್ತು. ಮೋಡ ಮುಚ್ಚಿ ಸೂರ್ಯ ಕಾಣದಿದ್ದರೂ ದ್ಯಾಮಣ್ಣನ ಹೊಟ್ಟೆಗೆ ಮಧ್ಯಾಹ್ನವಾದದ್ದು ಗೊತ್ತಾಯಿತು. ಅವನು ಹೊರಟುಹೋದ. ಪಾಲಾಕ್ಷಪ್ಪ ಕೆಳಗಿದ್ದ ಹೆಂಚು ತೆಗೆದುಕೊಳ್ಳಲು ಏಣಿಯ ಮೇಲೆ ಕಾಲಿಟ್ಟ, ಅದು ಜಾರಿ ಅಂಗಳಕ್ಕೆ ಬಿತ್ತು. ಅವನು ಸೂರು ತಬ್ಬಿಕೊಂಡು ಹೇಗೋ ಉಳಿದ, ಉಳಿದವನು ಬಾಯಿ ಬಡಿದುಕೊಳ್ಳತೊಡಗಿದ.

ಊರಿಗೆ ಊರೇ ದಿಬ್ಬ ಹತ್ತಿ ಬಂತು. ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸರು, ಗಾಣ ಬಿಟ್ಟು ಬಂದ ಕರಿಬಸಣ್ಣ, ಎಲ್ಲರಿಗಿಂತ ಮುಂದೆ ಸಣ್ಣೀರಜ್ಜಿ.

"ಏಣಿ ಎತ್ತಿ ಆನಿಸ್ರಪ್ಪ!" ಎಂದು ಪಾಲಾಕ್ಷಪ್ಪ ಕೂಗಿದ.

ಕರಿಬಸಣ್ಣ ಬಗ್ಗಿದವನು ಹಲಗೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. "ರಾಗಿ ತಂದಿಲ್ವಲ್ಲ ಯಜಮಾನ್ರೆ."

"ರಾಗಿ ಬೇಡ ಕಣಯ್ಯ!"

"ಅದೆಂಗಾಯ್ತೈತೆ? ನನ್ನ ಸೊಂಟ ಉಳುಕಿದಾಗ್ಲೂ ನೀವು ಸೇರು ಬಿಡ್ಲಿಲ್ಲ. ಈಗ ಬಿಟ್ರೆ ನಿಮ್ಮ ಮಾತಿಗೆ ಬೆಲೆ ಉಳೀತೈತಾ?"

ಪಾಲಾಕ್ಷಪ್ಪ ಹಲ್ಲು ಕಚ್ಚಿ ಕಂಡಿಯೊಳಗೆ ಕೈ ಹಾಕಿದ. ಅಟ್ಟದ ರಾಗಿಯನ್ನು ಹಿಡಿಹಿಡಿಯಾಗಿ ಕೆಳಕ್ಕೆ ಎಸೆದ. ಅಜ್ಜಿ ಸೆರಗು ಒಡ್ಡಿ ಹಿಡಿದಳು.

"ಸೇರಾಯ್ತಾ ಅಜ್ಜಿ?"

"ಆಯ್ತು. ಇನ್ನು ಯಾರಿಗೆ ಕೊಡ್ಬೇಕಂತೆ, ಸ್ವಲ್ಪ ಓದಿ ಹೇಳ್ರಪ್ಪ." ಯಾರೋ ಹಲಗೆ ಓದಿದರು. ಅಜ್ಜಿ ತಲೆ ಎತ್ತಿದಳು. "ಯಜಮಾನ್ರ ಕೈಗೇ ಕೊಡ್ಬೇಕಂತೆ. ಇಳಿದು ಬಂದು ಇಸ್ಕೊಂಡ್ಬಿಡಪ್ಪ."

"ಇಳಿಯೋಕೆ ಏಣಿ ಬೇಕಲ್ಲಜ್ಜಿ!"

"ಏಣಿ ಮುಟ್ಟೋಕೆ ರಾಗಿ ಕೊಡ್ಬೇಕಲ್ಲಪ್ಪ!"

ಅಂಗಳವೆಲ್ಲ ಗಂಭೀರವಾಗಿ ಯೋಚಿಸಿತು. ರಾಗಿಯನ್ನೇ ಮೇಲಕ್ಕೆ ಎಸೆದರೆ ಕೈಗೆ ಸಿಗುತ್ತದಲ್ಲ ಎಂದು ಒಬ್ಬರು ಹೇಳಿದರು, ಎಸೆದೂ ನೋಡಿದರು. ಅವನ ತಲೆಗೂದಲಿಗೆ ಸ್ವಲ್ಪ ಸಿಕ್ಕಿತು, ಕೈಗೆ ಸಿಗಲಿಲ್ಲ. ಆ ಹೊತ್ತಿಗೆ ಮಳೆಯ ನಾಲ್ಕು ದಪ್ಪ ಹನಿ ಬಿದ್ದವು. ಕಂಡಿಯ ಕೆಳಗೆ ರಾಗಿ, ಕಾಲ ಕೆಳಗೆ ಜಾರುವ ಹೆಂಚು. ಪಾಲಾಕ್ಷಪ್ಪನ ಜಂಬವೆಲ್ಲ ಇಳಿಯಿತು.

"ಆ ಏಣಿ ನಂದಲ್ಲ!" ಎಂದು ಚೀರಿದ.

"ಮತ್ತೆ ಯಾರದಪ್ಪ?"

"ಯಾರದೂ ಅಲ್ಲ ಕಣಜ್ಜಿ! ಯಾರದೂ ಅಲ್ಲ!"

"ಹಂಗನ್ನು ಮತ್ತೆ" ಎಂದಳು ಅಜ್ಜಿ.

ಹೇಳಿ ಮುಗಿಸುವುದರೊಳಗೆ ಏಣಿ ಎದ್ದು ನಿಂತಿತ್ತು. ಯಾರ ಮನೆಯಿಂದ ಬಂದದ್ದು, ಯಾರು ಬುಡ ಹಿಡಿಯಬೇಕು ಎಂದು ಗೊತ್ತಾಗದೆ ಸಿಕ್ಕಿದವರೆಲ್ಲ ಹಿಡಿದರು. ಯಾರೋ ಮೇಲಕ್ಕೆ ಹೆಂಚು ಕೊಟ್ಟರು. ಅವನು ಕೊನೆಯ ಕಂಡಿ ಮುಚ್ಚಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.

ಐದನೆಯ ಮೆಟ್ಟಿಲಿನಲ್ಲಿ ಕೆಳಗೆ ನೋಡಿದ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರು ಹೆಂಗಸರು ಅವನ ಚಾಪೆಯ ಮೇಲೆ ಕೂತು ಯಾರದೋ ಮನೆಯ ಸೊಸೆಯ ವಿಷಯ ಮಾತಾಡುತ್ತಿದ್ದರು. ಯಾರೋ ಒಳಗೆ ಹೋಗಿ ಮಜ್ಜಿಗೆ ಗಡಿಗೆ ತಂದಿದ್ದರು. ಊಟ ಮುಗಿಸಿ ಬಂದ ದ್ಯಾಮಣ್ಣ, ಕೈಯಿಡಲು ತನಗೂ ಒಂದು ಜಾಗ ಬಿಡಿ ಎಂದು ನೂಕಾಡುತ್ತಿದ್ದ. ಪಾಲಾಕ್ಷಪ್ಪನ ಕಾಲು ನಿಂತಿತು.

"ಯಾಕಪ್ಪ ನಿಂತೆ?" ಎಂದಳು ಅಜ್ಜಿ.

"ಒಂದು ಹೆಂಚು ಸರಿಯಾಗಿ ಕೂತಂಗಿಲ್ಲ ಅಜ್ಜಿ. ಬುಡ ಬಿಟ್ಟುಬಿಟ್ಟೀರಿ ಮತ್ತೆ."

"ನೀನು ಇಳಿಯೋಗಂಟ ಯಾರಪ್ಪ ಬಿಡ್ತಾರೆ? ನಿಧಾನಕ್ಕೆ ಹತ್ತು."

ಪಾಲಾಕ್ಷಪ್ಪ ಮತ್ತೆ ಮೇಲೆ ಹತ್ತಿದ. ಸೂರಿನ ಮೇಲೆ ಕೂತು ಉದ್ದಕ್ಕೂ ಕಣ್ಣಾಡಿಸಿದ. ಎಲ್ಲ ಹೆಂಚುಗಳೂ ಸರಿಯಾಗಿಯೇ ಇದ್ದವು. ಸ್ವಲ್ಪ ಹೊತ್ತು ನೋಡಿ, ಭದ್ರವಾಗಿ ಕೂತಿದ್ದ ಒಂದು ಹೆಂಚನ್ನು ಕಿತ್ತು, ಅದನ್ನು ನಿಧಾನವಾಗಿ ಕೂರಿಸಲು ಶುರುಮಾಡಿದ.