ಮೇಲಿನ ಕಿಂಡಿ

ಇದು ಯಾವ ಸೀಮೆಯ ನ್ಯಾಯವೋ ಬೆಸುಗೆಯವಳಿಗೆ ತಲೆಬುಡ ತಿಳಿಯಲಿಲ್ಲ. ವಿಮಾನದ ಎಂಜಿನ್ನನ್ನು ಮೆಲ್ಲಗೆ ಓಡಿಸಿದರೆ ಸಿಲಿಂಡರಿನ ಬಿಸಿ ತೋರಿಸುವ ಮುಳ್ಳು ಸಾಧುವಿನಂತೆ ಕೂತಿರುತ್ತಿತ್ತು. ವೇಗ ಕೊಟ್ಟು, ಮುಂದಿನ ಫ್ಯಾನು ನಿಂತವರ ಬಟ್ಟೆ ಹರಿಯುವಂತೆ ಗಾಳಿ ನೂಕತೊಡಗಿದರೆ ಅದೇ ಮುಳ್ಳು ಕೆಂಪು ಗೆರೆಗೆ ಓಡುತ್ತಿತ್ತು. ವೇಗ ಹೆಚ್ಚಿದರೆ ಬಿಸಿ ಹೆಚ್ಚುವುದು ಸರಿಯೇ. ಆದರೆ ಗಾಳಿಯೂ ಹೆಚ್ಚುತ್ತದಲ್ಲ, ಅದೆಲ್ಲಿ ಹೋಗಿ ಸಾಯುತ್ತದೆ?

ಮಧ್ಯಾಹ್ನ ಪರೀಕ್ಷಕ ಬರುವವನಿದ್ದ. ಕಂಡಕಂಡಲ್ಲಿ ಮೂಗು ತೂರಿಸುತ್ತಾನೆಂದು ಅವನಿಗೆ ಅತ್ತಿಗೆ ಇಟ್ಟ ಹೆಸರು ಥರ್ಮಾಮೀಟರ್. ಹಿಂದಿನ ಸಲ ಬಂದವನು ಕೆಂಪು ಗೆರೆ ನೋಡಿ ತಲೆಯಾಡಿಸಿ ಹೋಗಿದ್ದ. ಈ ಸಲವೂ ಹಾಗೇ ಆದರೆ ವಿಮಾನದ ರೆಕ್ಕೆ ಬಿಚ್ಚಿ ಶೆಡ್ಡು ಖಾಲಿ ಮಾಡಬೇಕು ಅಂತ ವಿಮಾನ ಇಳಿಯುವ ಮೈದಾನದವರು ಹೇಳಿಯಾಗಿತ್ತು. ಬಿಚ್ಚಿದರೆ ಮತ್ತೆ ಜೋಡಿಸುವ ಜಾಗ ಅವರಿಗೆಲ್ಲಿತ್ತು? ಅಣ್ಣ ಕಟ್ಟಲು ಹೊರಟು ಅರ್ಧಕ್ಕೆ ಬಿಟ್ಟುಹೋದ ವಿಮಾನ ಅದು. ಮುಗಿಸಿದವರು ಅವನ ಹೆಂಡತಿ ಮತ್ತು ತಂಗಿ, ಈ ಬೆಸುಗೆಯವಳು.

"ಕಿಂಡಿ ಸಾಲದು ಕಣೇ," ಅಂದಳು ಅತ್ತಿಗೆ, ತಗಡು ಕತ್ತರಿ ಕೈಗೆತ್ತಿಕೊಳ್ಳುತ್ತಾ. "ಇನ್ನೊಂದು ಗೇಣು ಅಗಲ ಮಾಡೋಣ."

"ಇನ್ನೂ ಅಗಲ ಮಾಡಿದ್ರೆ ಎಂಜಿನ್ನೇ ಎದ್ದು ಆಚೆ ಬರುತ್ತೆ ಅತ್ತಿಗೆ!"

"ಬರಲಿ. ಅದಕ್ಕೂ ಉಸಿರು ಕಟ್ಟಿರುತ್ತೆ."

ಎಂಜಿನ್ನಿನ ಮೇಲಿನ ತಗಡಿನ ಮುಚ್ಚಳದ ನೆತ್ತಿಯಲ್ಲಿ ಆ ಕಿಂಡಿ ಕೊರೆದವಳು ಅತ್ತಿಗೆಯೇ. ಮುಳ್ಳು ಕೆಂಪಿಗೆ ಹೋದಾಗಲೆಲ್ಲ ಅದು ಅಗಲವಾಗುತ್ತಿತ್ತು. ಯಾಕೆಂದು ಕೇಳುವ ಧೈರ್ಯ ಬೆಸುಗೆಯವಳಿಗಿರಲಿಲ್ಲ. ಇಬ್ಬರೂ ಎರಕದ ಕಾರ್ಖಾನೆಯವರು. ಕುಲುಮೆಯ ಶೆಡ್ಡಿನ ಮಾಡಿಗೆ ಒಂದೇ ಒಂದು ತೂತಿರಲಿಲ್ಲ. ಕರಗಿದ ಕಬ್ಬಿಣದ ಕಾವು ಮಾಡಿಗೆ ಬಡಿದು ಕೆಲಸದವರ ತಲೆಯ ಮೇಲೇ ಇಳಿಯುತ್ತಿತ್ತು. ಮಾಡು ತೆರೆಯಿರಿ ಅಂದವರಿಗೆ ಮಾಲೀಕ ನೀರು ಹೆಚ್ಚು ಕುಡಿಯಿರಿ ಅಂದ. ಅಣ್ಣ ಕುಲುಮೆಯ ಮುಂದೆಯೇ ಕುಸಿದು ಬಿದ್ದು ಮತ್ತೆ ಏಳಲಿಲ್ಲ. ಹೆಣ ಮಣ್ಣು ಮಾಡಿದ ಮರುದಿನವೇ ಅತ್ತಿಗೆ ಗೇಟಿನೆದುರು ಕೂತಳು, ಅವಳ ಹಿಂದೆ ಇಡೀ ಶೆಡ್ಡು ಕೂತಿತು. ಬೈಗುಳ, ಲಾಠಿ, ಹಸಿವು ಎಲ್ಲವನ್ನೂ ಉಂಡು ಅವರು ಗೆದ್ದದ್ದು ಒಂದು ಕಿಂಡಿಯನ್ನು. ಮಾಡು ಕೊರೆದ ದಿನ ಕಾವು ಹೊಗೆಯಂತೆ ಎದ್ದು ಹೋದದ್ದನ್ನು ಎಲ್ಲರೂ ಕತ್ತೆತ್ತಿ ನೋಡಿದ್ದರು. ಅಂಥವರ ಮುಂದೆ ಕಿಂಡಿ ಬೇಡವೆಂದು ಯಾವ ಬಾಯಲ್ಲಿ ಹೇಳುವುದು?

"ತಾಳಿ, ಒಂದ್ಸಲ ಓಡಿಸಿ. ಕಾವು ಎಷ್ಟು ಬರುತ್ತೆ ಅಂತ ಕೈಯಲ್ಲೇ ನೋಡ್ತೀನಿ," ಅಂದಳು ಬೆಸುಗೆಯವಳು.

ಗಾಲಿಗಳಿಗೆ ಅಡ್ಡ ಮರದ ತುಂಡು ಕೊಟ್ಟು, ಬಾಲವನ್ನು ಕಂಬಕ್ಕೆ ಬಿಗಿದು, ಅತ್ತಿಗೆ ಒಳಗೆ ಕೂತು ವೇಗ ಕೊಟ್ಟಳು. ಬೆಸುಗೆಯವಳು ಫ್ಯಾನಿಗೆ ಸಾಕಷ್ಟು ಹಿಂದೆ, ರೆಕ್ಕೆಯ ಬುಡದಲ್ಲಿ ನಿಂತು, ಸುಟ್ಟೀತೆಂದು ಅಂಜುತ್ತಲೇ ಅಂಗೈಯನ್ನು ಕಿಂಡಿಗೆ ಒಡ್ಡಿದಳು.

ಕೈ ತಣ್ಣಗಾಯಿತು.

ಇನ್ನೊಂದು ಕೈ ಒಡ್ಡಿದಳು. ಅದೂ ತಣ್ಣಗಾಯಿತು. ಒಳಗೆ ಮುಳ್ಳು ಕೆಂಪು ಮುಟ್ಟುತ್ತಿದೆ ಅಂತ ಅತ್ತಿಗೆ ಕಿರುಚುತ್ತಿದ್ದಾಳೆ, ಇಲ್ಲಿ ನೋಡಿದರೆ ಬೆಳಗಿನ ಗಾಳಿ! ಬೆಸುಗೆಯವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಯಿತು. ಎಂಜಿನ್ನು ನಿಲ್ಲಿಸಲು ಹೇಳಿ, ತೊಟ್ಟಿಯ ಬಳಿ ಹೋಗಿ ಕೈ ತೊಳೆದುಕೊಂಡು ಬಂದಳು, ಕೈಯಲ್ಲೇ ಏನೋ ಐಬಿದ್ದಂತೆ. ನೆಲದ ಮೇಲೆ ಅಂಗಾತ ಮಲಗಿ ಸಿಲಿಂಡರುಗಳನ್ನು ನೋಡಿದಳು. ಮುಂದಿನಿಂದ ನುಗ್ಗಿದ ಗಾಳಿ ಮೇಲೆ ತುಂಬಿಕೊಂಡು, ಸಿಲಿಂಡರುಗಳ ಸಂದಿಯಲ್ಲಿ ತೂರಿ ಕೆಳಗಿನಿಂದ ಹೊರಬೀಳಬೇಕು. ಸಂದಿ ಇಕ್ಕಟ್ಟು. ನೆತ್ತಿಯಲ್ಲಿ ಹೆಬ್ಬಾಗಿಲು ತೆರೆದಿಟ್ಟರೆ ಯಾವ ಗಾಳಿ ಇಕ್ಕಟ್ಟಿಗೆ ಇಳಿಯುತ್ತದೆ?

"ಅತ್ತಿಗೆ, ಗಾಳಿ ಕೆಲಸ ಮಾಡದೆಯೇ ಮೇಲಿಂದ ಜಾರಿಕೊಳ್ತಿದೆ."

"ಅಂದ್ರೆ?"

"ಕಿಂಡಿ ಮುಚ್ಚಬೇಕು."

ಅತ್ತಿಗೆಯ ಮುಖ ಕಪ್ಪಿಟ್ಟಿತು. "ಏನಂದೆ? ಆ ಮಾಲೀಕನೂ ಇದೇ ಮಾತಾಡ್ತಿದ್ದ. ಕೊರೆದ ಮೇಲೂ ಮುಚ್ಚಿ, ಮುಚ್ಚಿ ಅಂತಿದ್ದ. ಈಗ ನಿನ್ನ ಬಾಯಲ್ಲಿ ಕೇಳ್ಬೇಕಾ? ಹಾಗಾದ್ರೆ ನಾವು ಗೇಟಲ್ಲಿ ಕೂತಿದ್ದೂ ತಪ್ಪಾ? ಕಾವು ಮೇಲಕ್ಕೆ ಹೋಗೋದು ಸುಳ್ಳಾ?"

ಬೆಸುಗೆಯವಳು ತೊದಲಿದಳು. ಸುಳ್ಳಲ್ಲ. ಕಣ್ಣಾರೆ ಕಂಡದ್ದು ಹೇಗೆ ಸುಳ್ಳಾಗುತ್ತದೆ? ಆದರೆ ಈ ಕೈ ಕಂಡದ್ದೂ ಸುಳ್ಳಲ್ಲ. ಎರಡೂ ನಿಜವಾಗುವುದು ಹೇಗೆಂದು ಹೊಳೆಯದೆ ಎಂಜಿನ್ನನ್ನೊಮ್ಮೆ, ಮೂತಿಯ ಫ್ಯಾನನ್ನೊಮ್ಮೆ ನೋಡಿದಳು. ನೋಡುತ್ತಾ ನೋಡುತ್ತಾ ಫ್ಯಾನಿನತ್ತ ಬೆರಳು ಚಾಚಿದಳು.

"ಅಲ್ಲಿ ನಮಗೆ ಯಾರು ಗಾಳಿ ಹಾಕಿದ್ರು ಅತ್ತಿಗೆ? ಒಂದು ಫ್ಯಾನಾದರೂ ಇಟ್ಟಿದ್ನಾ ಆ ಮನುಷ್ಯ? ಗಾಳಿಯೇ ಇಲ್ಲದ ಕಡೆ ಕಾವು ತಾನಾಗಿಯೇ ಎದ್ದು ಹೋಗ್ಬೇಕಿತ್ತು, ಅದಕ್ಕೇ ಕಿಂಡಿ ಬೇಕಿತ್ತು. ಈ ಕಬ್ಬಿಣದ ಮುಂಡೇದಕ್ಕೆ ನೋಡಿ, ಎದುರಿಗೇ ಆಳೆತ್ತರದ ಫ್ಯಾನು!"

ಅತ್ತಿಗೆ ಮೂಲೆಯಿಂದ ತಗಡಿನ ತುಂಡೊಂದನ್ನು ಎಳೆದು, ಅಳತೆ ಹಿಡಿದು, ತಾನೇ ಕಿಂಡಿಯ ಮೇಲಿಟ್ಟು ರಿವೆಟ್ಟು ಬಡಿಯತೊಡಗಿದಳು. ಒಂದೊಂದು ಏಟೂ ಯಾರದೋ ಕೆನ್ನೆಗೆ ಬಿದ್ದಂತಿತ್ತು.

ಥರ್ಮಾಮೀಟರ್ ಬಂದ. ಪೂರ್ತಿ ವೇಗದಲ್ಲಿ ಓಡಿಸಿದರು. ಮುಳ್ಳು ಏರಿತು, ಕೆಂಪು ಗೆರೆಯ ಈಚೆಗೆ ಬಂದು ತಡವರಿಸಿತು, ಅಲ್ಲೇ ನಿಂತಿತು. ಅವನು ಕಾದ, ಮತ್ತೂ ಕಾದ, ಗಾಜಿಗೆ ಬೆರಳಿನಿಂದ ತಟ್ಟಿ ನೋಡಿದ. ಮುಳ್ಳು ಅಲುಗಲಿಲ್ಲ.

"ಸರಿ, ಹಾರಿಸಬಹುದು," ಎಂದು ಕೆಳಗಿಳಿದವನು ಹೊಸ ತಗಡನ್ನು ಸವರಿದ. "ಒಳ್ಳೇದು ಮಾಡಿದ್ರಿ. ಮೇಲೆ ಕಿಂಡಿ ಇಡೋದು ದಡ್ಡತನ."

"ಸ್ವಾಮೀ," ಅಂದಳು ಅತ್ತಿಗೆ, ಸುತ್ತಿಗೆ ಕೆಳಗಿಡದೆ, "ಎಂಜಿನ್ನಿಗೆ ಮಾತ್ರ ಅಂತ ಸೇರಿಸಿ ಹೇಳಿ."

ಅವನಿಗೆ ಏನೂ ಅರ್ಥವಾಗಲಿಲ್ಲ. "ಎಂಜಿನ್ನಿಗೆ ಮಾತ್ರ," ಅಂದ.