ಮೂರನೇ ಮಹಡಿಯ ಬಾಗಿಲು

"ಏನ್ರೀ ಇದು, ಸತ್ತವನ ಜೇಬಿಗೆ ಕೈ ಹಾಕ್ತೀರಲ್ಲ!"

ಕಟ್ಟಡದ ಸೆಕ್ರೆಟರಿ ಬಾಗಿಲಲ್ಲೇ ಗಕ್ಕನೆ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಮಾಡಿದ ಬೂಟು ತೊಟ್ಟ ಅಪರಿಚಿತರೊಬ್ಬರು ಗೋಡೆಯ ಮೊಳೆಗೆ ನೇತುಹಾಕಿದ್ದ ಎಣ್ಣೆಗಲೆಯ ಅಂಗಿಯ ಜೇಬುಗಳನ್ನು ಒಂದೊಂದಾಗಿ ತಡಕುತ್ತಿದ್ದರು. ಆ ಅಂಗಿಯ ಒಡೆಯ ಎರಡು ಮಾರು ದೂರದಲ್ಲಿ, ಮಂಚದ ಮೇಲೆ, ಒಗೆದ ಬಟ್ಟೆ ತೊಟ್ಟು ಮಲಗಿದ್ದ. ಹೊರಗೆ ತಾರಸಿಯಲ್ಲಿ ಅವನನ್ನು ಹೊತ್ತು ಇಳಿಸಲು ಬಂದ ನಾಲ್ವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿದ್ದರು.

"ಫ್ಯೂಸ್ ಹುಡುಕ್ತಾ ಇದ್ದೀನಿ. ಲಿಫ್ಟಿಂದು," ಎಂದರು ಬಿಳಿ ಅಂಗಿಯವರು, ತಿರುಗಿ ನೋಡದೆ.

"ಲಿಫ್ಟ್ ಕೆಟ್ಟು ಎರಡು ದಿನ ಆಯ್ತು. ರಿಪೇರಿಯವರಿಗೆ ಫೋನ್ ಮಾಡಿದ್ರೆ ಸೋಮವಾರ ಬರ್ತೀವಿ ಅಂದ್ರು."

"ಅದು ಕೆಟ್ಟಿಲ್ಲ. ಇವನು ಕೆಲಸದ ಮಧ್ಯೆ ಸುಸ್ತಾಗಿ ಬಂದು ಮಲಗಿದಾನೆ, ಅಷ್ಟೆ." ಅಂದ ಮೇಲೆ ಆ 'ಅಷ್ಟೆ' ಅವರಿಗೇ ಚುಚ್ಚಿತು. ಒಳಜೇಬಿನಲ್ಲಿ ಬಟ್ಟೆಯ ಚೂರಿನಲ್ಲಿ ಸುತ್ತಿದ ಪಿಂಗಾಣಿ ಫ್ಯೂಸ್ ಸಿಕ್ಕಿತು. ಅದರ ಜೊತೆಗೆ ಹೆಬ್ಬೆರಳುದ್ದದ ಒಂದು ಮೋಟು ಪೆನ್ಸಿಲ್. ಎರಡನ್ನೂ ತಮ್ಮ ಜೇಬಿಗೆ ಹಾಕಿಕೊಂಡರು.

ಸೆಕ್ರೆಟರಿಯ ದನಿ ಮೆತ್ತಗಾಯಿತು. "ಓ, ನೀವೇನಾ ಅವರು? ಗೋಡೆ ಮೇಲೆ ಒಂದೇ ಒಂದು ನಂಬರ್ ಬರೆದಿತ್ತು. ಪಕ್ಕದಲ್ಲಿ 'ಅವಸರ' ಅಂತ. ತುರ್ತಿಗೆ ಬೇಕಾದ ನಂಬರ್ ಅಂದ್ಕೊಂಡು ಮಾಡಿದೆ."

"ಅದು ನನ್ನ ಹೆಸರು. ಹಳೇದು."

ದುಡಿದ ಲಿಫ್ಟ್ ಕಂಪನಿಯಲ್ಲಿ ಅವರನ್ನು ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಅಲ್ಲಿ ಅವರು ಇಪ್ಪತ್ತಾರು ವರ್ಷ ಮ್ಯಾನೇಜರು. ಹೋದ ವರ್ಷ ನಿವೃತ್ತರಾದ ಮೇಲೂ ಮ್ಯಾನೇಜರೇ, ಬೇರೆ ಏನಾಗಬೇಕೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ.

"ಫ್ಯೂಸ್ ಸಿಕ್ಕಿದ್ದು ಒಳ್ಳೇದೇ ಆಯ್ತು," ಎಂದರು ಸೆಕ್ರೆಟರಿ. "ಮೂರನೇ ಮಹಡಿ ಅಜ್ಜಿದು ಒಂದೇ ಹಟ, ಸ್ಮಶಾನಕ್ಕೆ ನಾನೂ ಬರ್ತೀನಿ ಅಂತ. ಮೆಟ್ಟಿಲು ಇಳಿಯೋಕಾಗಲ್ಲ. ಕುರ್ಚೀಲಿ ಕೂರಿಸಿ ಹೊತ್ಕೊಂಡು ಹೋಗ್ತೀವಿ ಅಂದ್ರೆ, ನಾನೇನು ಹೆಣಾನಾ ಅಂತ ಬೈತಾರೆ. ಹನ್ನೊಂದಕ್ಕೆ ವ್ಯಾನ್ ಹೊರಡ್ಬೇಕು. ಅವರು ಬರ್ದೇ ಇದ್ರೆ ಇವನ ಕಡೆಯವರು ಅಂತ ಒಬ್ಬರೂ ಇರಲ್ಲ."

ನಾಲ್ವರೂ ಒಳಗೆ ಬಂದರು. ಒಬ್ಬ ಮಂಚದ ತಲೆಯ ಕಡೆ ನಿಂತು ನಿಟ್ಟುಸಿರಿಟ್ಟ. "ನಮ್ಮ ಎಂಟನೇ ಮಹಡಿ ಹೋಯ್ತಪ್ಪ." ಏಳೇ ಮಹಡಿಯ ಕಟ್ಟಡ. ತಾರಸಿಯ ಮೇಲೆ, ಲಿಫ್ಟಿನ ಮೋಟರು ಕೋಣೆಗೆ ಅಂಟಿಕೊಂಡ ಈ ಗೂಡಿನಲ್ಲಿ ಇರುತ್ತಿದ್ದುದರಿಂದ ಲಿಫ್ಟ್ ಮೆಕ್ಯಾನಿಕ್ಕನಾದ ಅವನಿಗೆ ಆ ಹೆಸರು ಬಿದ್ದಿತ್ತು. "ಎಲ್ಲರನ್ನೂ ಲಿಫ್ಟಲ್ಲಿ ಇಳಿಸಿದ. ಅವನಿಗೆ ಮಾತ್ರ ಮೆಟ್ಟಿಲೇ ಗತಿ."

"ಲಿಫ್ಟ್ ನಡೆದ್ರೂ ಅಷ್ಟೇ," ಎಂದ ಇನ್ನೊಬ್ಬ. "ಅದರಲ್ಲಿ ಮಲಗಿಸೋಕೆ ಜಾಗ ಎಲ್ಲಿದೆ? ನಿಲ್ಲಿಸ್ಕೊಂಡು ಹೋಗ್ಬೇಕು."

ನಗಬಾರದು ಎಂದುಕೊಂಡೇ ಎಲ್ಲರೂ ಸ್ವಲ್ಪ ನಕ್ಕರು. ಮ್ಯಾನೇಜರು ಮಾತ್ರ ಮಂಚದ ಕಡೆ ನೋಡಲಾಗದೆ ಮೋಟರು ಕೋಣೆಗೆ ನಡೆದರು.

* * *

ಫ್ಯೂಸ್ ಜೇಬಿನಲ್ಲಿರುತ್ತದೆ ಎಂದು ಅವರಿಗೆ ಗೊತ್ತಾದದ್ದು ಜಾಣತನದಿಂದಲ್ಲ, ಮೇಸ್ತ್ರಿಯ ಬೈಗುಳದಿಂದ. ಈ ಲಿಫ್ಟನ್ನು ಕೂರಿಸಿದವರು ಮೇಸ್ತ್ರಿ. ಆಗ ಅವರ ಶಿಷ್ಯರಾಗಿದ್ದ ಈ ಇಬ್ಬರು ಗೆಳೆಯರಿಗೂ ಮೀಸೆ ಸರಿಯಾಗಿ ಬಲಿತಿರಲಿಲ್ಲ.

"ಲಿಫ್ಟ್ ಓಡೋ ಶಾಫ್ಟಿಗೆ ಕೈ ಹಾಕೋಕೆ ಮುಂಚೆ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಳ್ರೋ. ಮೇಜಿನ ಮೇಲಲ್ಲ, ಪಕ್ಕದವನ ಕೈಲೂ ಅಲ್ಲ. ಯಾವನೋ ಬಂದು ಸ್ವಿಚ್ ಒತ್ತಿದ್ರೆ ಮೇಲೆ ಹೋಗೋದು ಲಿಫ್ಟಲ್ಲ, ನೀವು!"

ಮೇಸ್ತ್ರಿಯ ಮನೆ ಮೂರನೇ ಮಹಡಿಯಲ್ಲಿ. ಮಧ್ಯಾಹ್ನದ ಊಟಕ್ಕೆ ಇಬ್ಬರನ್ನೂ ಅಮ್ಮ, ಅಂದರೆ ಮೇಸ್ತ್ರಿಯ ಹೆಂಡತಿ, ಕರೆಯುತ್ತಿದ್ದರು. ತಟ್ಟೆ ಇಡುವ ಮೊದಲೇ ಕೈ ಚಾಚುತ್ತಿದ್ದವನಿಗೆ 'ಅವಸರ' ಎಂದು ಹೆಸರಿಟ್ಟವರೂ ಅವರೇ. ಇನ್ನೊಬ್ಬ ಕೈತೊಳೆದು, ಉಗುರಿನ ಸಂದಿಯ ಎಣ್ಣೆ ಹೋಗುವವರೆಗೂ ಉಜ್ಜಿ, ಎಲ್ಲರಿಗಿಂತ ಕೊನೆಗೆ ಬಂದು ಕೂರುತ್ತಿದ್ದ.

ಮೇಸ್ತ್ರಿ ತೀರಿಕೊಂಡ ಮರುವರ್ಷ ದೊಡ್ಡ ಕಂಪನಿಯಿಂದ ಕಾಗದ ಬಂತು. ಬೇರೆ ಊರು, ಮೂರು ಪಟ್ಟು ಸಂಬಳ, ಇರಲು ಮನೆ. ಬಂದದ್ದು ಇಬ್ಬರಿಗಲ್ಲ, ಆ ಕೊನೆಗೆ ಕೂರುವವನಿಗೆ.

"ನಾನು ಹೋಗಲ್ಲ ಕಣೋ," ಎಂದಿದ್ದ ಅವನು, ಇದೇ ತಾರಸಿಯಲ್ಲಿ, ಕೈ ಒರೆಸಿಕೊಳ್ಳುತ್ತ.

"ನಿನಗೇನು ತಲೆ ಕೆಟ್ಟಿದ್ಯಾ?"

"ಅಲ್ಲಿ ಕೈಗೊಂದು ಪಟ್ಟಿ ಕೊಡ್ತಾರೆ, ಟಿಕ್ ಹಾಕ್ಕೊಂಡು ತಿರುಗ್ಬೇಕು. ಇಲ್ಲಿ ಮಲಗಿದ್ರೆ ಗೋಡೆ ಆಚೆ ಮೋಟರ್ ಸದ್ದು ಕೇಳುತ್ತೆ. ಒಂಚೂರು ಹೆಚ್ಚುಕಮ್ಮಿ ಆದ್ರೂ ನಿದ್ದೇಲೇ ಗೊತ್ತಾಗ್ಬಿಡುತ್ತೆ. ನನಗೆ ಇದೇ ಖುಷಿ. ಅಲ್ದೆ, ಅಮ್ಮ ಈಗ ಒಬ್ಬರೇ."

"ಅಮ್ಮನ್ನ ನೋಡ್ಕೊಳ್ಳೋಕೆ ಇಡೀ ಕಟ್ಟಡ ಇದೆ."

"ಇದೆ," ಎಂದು ಅವನು ಒಪ್ಪಿಕೊಂಡ. ವಾದ ಮಾಡುವ ಜಾಯಮಾನವೇ ಅವನದಲ್ಲ. "ನೀನು ಹೋಗು. ನಿನ್ನ ಹೆಸರು ನಾನೇ ಹೇಳ್ತೀನಿ."

ಹೇಳಿದ, ಕೆಲಸ ಸಿಕ್ಕಿತು. ತಾನು ಎರಡನೆಯ ಆಯ್ಕೆ ಎಂಬುದನ್ನು ಮ್ಯಾನೇಜರು ಹೆಂಡತಿಗೂ ಹೇಳಲಿಲ್ಲ. ಹೊರಡುವ ದಿನ ಕೃತಜ್ಞತೆಯ ಮಾತಿನ ಬದಲು ಬೇರೆ ಮಾತು ಬಾಯಿಗೆ ಬಂತು: "ಇರು ಇಲ್ಲೇ. ಲಿಫ್ಟ್ ಜೊತೆ ನೀನೂ ತುಕ್ಕು ಹಿಡಿ." ಅದೇ ಕೊನೆಯ ಮಾತಾಯಿತು. ಮೊದಮೊದಲು ನಾಚಿಕೆಗೆ ಫೋನ್ ಮಾಡಲಿಲ್ಲ. ಆಮೇಲೆ ಇಷ್ಟು ದಿನ ಮಾಡಲಿಲ್ಲವಲ್ಲ ಎಂಬ ನಾಚಿಕೆಗೆ ಮಾಡಲಿಲ್ಲ.

* * *

ಫ್ಯೂಸ್ ಕೂರಿಸುತ್ತಲೇ ಮೋಟರು ಗೊರ್ ಎಂದು ಎಚ್ಚರಗೊಂಡಿತು. ಮ್ಯಾನೇಜರು ಏಳನೇ ಮಹಡಿಗಿಳಿದು, ಲಿಫ್ಟ್ ಹತ್ತಿ, ಒಂದೊಂದೇ ಮಹಡಿಯಲ್ಲಿ ನಿಲ್ಲಿಸಿ ನೋಡಿದರು. ಇಳಿಯುವುದೇ ಗೊತ್ತಾಗದಷ್ಟು ನಯ. ಬಾಗಿಲು ತೆರೆದಾಗೆಲ್ಲ ಅಭ್ಯಾಸಬಲದಿಂದ ಎಣಿಸಿದರು. ಆರು ಸೆಕೆಂಡಿಗೆ ಮುಚ್ಚಬೇಕು, ಅದು ಕಂಪನಿಯ ಲೆಕ್ಕ. ಏಳನೆಯದರಲ್ಲಿ ಆರು, ಆರನೆಯದರಲ್ಲಿ ಆರು, ಐದನೆಯದು, ನಾಲ್ಕನೆಯದು, ಎಲ್ಲ ಕಡೆಯೂ ಆರು. ಮೂರನೆಯದರಲ್ಲಿ ಬಾಗಿಲು ಬಾಯಿ ತೆರೆದುಕೊಂಡೇ ನಿಂತಿತು. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತಮೂರಕ್ಕೆ ಮುಚ್ಚಿತು.

ಅವರೊಳಗಿನ ಕಂಪನಿ ಕಿವಿ ನಿಮಿರಿಸಿತು. ಪಾಪ, ವಯಸ್ಸಾಗಿತ್ತು, ಇದು ಅವನ ಗಮನಕ್ಕೆ ಬಂದಿರಲಿಕ್ಕಿಲ್ಲ ಎಂದುಕೊಂಡರು. ನಿಜ ಹೇಳಬೇಕೆಂದರೆ ಸಣ್ಣಗೆ ಖುಷಿಯೂ ಆಯಿತು. ಗೆಳೆಯನ ಕೆಲಸದಲ್ಲೊಂದು ಕೊರತೆ ಸಿಕ್ಕಿತ್ತು, ಅದನ್ನು ಸರಿಮಾಡುವುದೇ ಅವನ ಋಣ ತೀರಿಸುವ ದಾರಿ ಎಂದೂ ಅನ್ನಿಸಿತು. ಮತ್ತೆ ಮೇಲೆ ಹೋಗಿ, ವೈರುಗಳ ಪೆಟ್ಟಿಗೆ ತೆರೆದು ನೋಡಿದರೆ ಮೂರನೇ ಮಹಡಿಗೆಂದೇ ಬೇರೆ ಒಂದು ಟೈಮರು ಜೋಡಿಸಿತ್ತು. ಕನ್ನಡಕ ಮಡಿಸಿ ಜೇಬಲ್ಲಿತ್ತು. ಅದನ್ನು ತೆಗೆಯುವ, ಈ ಟೈಮರು ಯಾಕೆಂದು ಯೋಚಿಸುವ ವ್ಯವಧಾನವಿಲ್ಲದೆ ಬೆರಳಿನ ಅಂದಾಜಿನಲ್ಲೇ ತಿರುಪನ್ನು ಹಿಂದಕ್ಕೆ ತಿರುಗಿಸಿದರು.

ಮೆಟ್ಟಿಲ ಕಡೆಯಿಂದ "ಓರೆ ಮಾಡಿ, ಕಾಲು ಮೊದಲು, ನಿಧಾನ, ನಿಧಾನ" ಎಂಬ ದನಿಗಳು ಸುತ್ತುಸುತ್ತಾಗಿ ಕೆಳಗಿಳಿಯುತ್ತಿದ್ದವು. ಅವು ಪೂರ್ತಿ ಕೇಳದಂತಾದ ಮೇಲೆ ಮ್ಯಾನೇಜರು ಲಿಫ್ಟ್ ಕರೆದು, ಅಮ್ಮನನ್ನು ಕರೆದುಕೊಂಡು ಹೋಗಲು ಮೂರನ್ನು ಒತ್ತಿದರು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡರು.

ಬಾಗಿಲು ತೆರೆದಾಗ ಜೋಡಿಸಿಕೊಂಡದ್ದೆಲ್ಲ ಚೆಲ್ಲಿಹೋಯಿತು. ಹಜಾರದ ನೆಲದ ಮೇಲೆ, ಗೋಡೆಗೆ ಒರಗಿ ಅಮ್ಮ ಕೂತಿದ್ದರು. ಪಕ್ಕದಲ್ಲಿ ವಾಕರು ಮಗುಚಿ ಬಿದ್ದಿತ್ತು. ಬೇರೆ ಯಾರೂ ಇರಲಿಲ್ಲ. 'ನಾನು ಬರ್ತೀನಿ, ನೀವು ನಡೀರಿ' ಎಂದು ಎಲ್ಲರನ್ನೂ ಅವರೇ ಕೆಳಗೆ ಅಟ್ಟಿದ್ದರು.

"ಅಮ್ಮಾ! ಏಟು ಬಿತ್ತಾ?"

"ಯಾರು?"

"ನಾನಮ್ಮ. ಅವಸರ."

ಅಮ್ಮ ಅವರ ಮುಖವನ್ನು ಬಹಳ ಹೊತ್ತು ನೋಡಿದರು. "ಬಂದ್ಯಾ," ಎಂದರು. ಅದರಲ್ಲಿ ಬೈಗುಳವೂ ಇರಲಿಲ್ಲ, ಅಕ್ಕರೆಯೂ ಇರಲಿಲ್ಲ. "ಏಟೇನಿಲ್ಲ. ಹೊಸ್ತಿಲ ಪಕ್ಕದ ಗುಂಡಿ ಒತ್ತಿ ಹೊರಟೆ, ಬಾಗಿಲು ಹಾಕ್ಕೊಂಡ್ಬಿಡ್ತು ಕಣೋ. ನಾನಿನ್ನೂ ಅರ್ಧ ದಾರೀಲಿದ್ದೆ. ಅವಸರ ಅವಸರವಾಗಿ ವಾಕರ್ ತೂರಿಸೋಕೆ ಹೋದೆ, ಅದು ಸಿಕ್ಕಿಕೊಳ್ತು."

ಮ್ಯಾನೇಜರು ಮಂಡಿಯೂರಿ ವಾಕರನ್ನು ಎತ್ತಿ ನಿಲ್ಲಿಸಿದರು. ಮುಂಗಾಲಿನ ರಬ್ಬರು ಕಿತ್ತು ಬಂದಿತ್ತು.

"ಇಷ್ಟು ವರ್ಷದಲ್ಲಿ ಒಂದು ಸಲಾನೂ ನನ್ನ ಮುಖದ ಮೇಲೆ ಬಾಗಿಲು ಹಾಕಿದ್ದಿಲ್ಲ ಅದು," ಎಂದರು ಅಮ್ಮ. "ಸೊಂಟ ಮುರಿದ ಮೇಲೂ ಅಷ್ಟೆ. ಬಾಗಿಲು ಹಾಕೋದ್ರೊಳಗೆ ಹತ್ತಿಬಿಡ್ತಿದ್ದೆ. ಪ್ರತಿ ಸಲ ಅವನಿಗೆ ಹೇಳ್ತಿದ್ದೆ, ನೋಡೋ, ಇವತ್ತೂ ನಾನೇ ಗೆದ್ದೆ ಅಂತ. ಹೌದಮ್ಮ, ನೀವು ಗಟ್ಟಿ ಇದ್ದೀರಿ ಅಂತಿದ್ದ." ಅವರು ತಮ್ಮ ಪಾದಗಳನ್ನೇ ನೋಡಿಕೊಂಡರು. "ಮೊನ್ನೆಯಿಂದ ಇವತ್ತಿಗೆ ಇಷ್ಟು ಮುದುಕಿ ಆಗ್ಬಿಟ್ನೇನೋ ನಾನು?"

ಇಪ್ಪತ್ತಮೂರರ ಗುಟ್ಟು ಆಗಲೇ ಮ್ಯಾನೇಜರಿಗೆ ಹೊಳೆದದ್ದು. ಅಮ್ಮನಿಗೆ ಅದು ಇವತ್ತಿಗೂ ತಿಳಿದಿಲ್ಲ ಎಂಬುದೂ.

"ನೀವೆಲ್ಲ ಹೋಗ್ಬನ್ನಿ. ಇಂಥ ಕಾಲಿಟ್ಕೊಂಡು ಅಲ್ಲಿ ಯಾರಿಗೆ ಭಾರ ಆಗ್ಲಿ ನಾನು. ಹೊರಡು, ವ್ಯಾನ್ ಕಾಯ್ತಿದೆ."

"ನಾನು ಬಾಗಿಲು ಹಿಡ್ಕೋತೀನಮ್ಮ."

"ಬೇಡ. ಹಿಡ್ಕೊಂಡ ಬಾಗಿಲು ನನಗೆ ಬೇಡ."

'ತಿರುಪು ತಿರುಗಿಸಿದವನು ನಾನೇ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ತಮ್ಮ ಮನಸ್ಸು ಹಗುರಾಗುತ್ತಿತ್ತು. ಆದರೆ ಸತ್ತವನ ಗುಟ್ಟು ಬಯಲಾಗುತ್ತಿತ್ತು, ಅಮ್ಮ ಗೆದ್ದದ್ದೆಲ್ಲ ಹುಸಿಯಾಗುತ್ತಿತ್ತು.

"ನಿಮ್ಮ ಕಾಲಿಗೇನೂ ಆಗಿಲ್ಲಮ್ಮ. ಲಿಫ್ಟ್ ಎರಡು ದಿನ ನಿಂತಿತ್ತಲ್ಲ, ಕೆಟ್ಟ ಬುದ್ಧಿ ಕಲಿತಿದೆ. ನಾನು ಸರಿಯಾಗಿ ನೋಡ್ಲಿಲ್ಲ. ಹತ್ತು ನಿಮಿಷ ಕೊಡಿ."

"ವ್ಯಾನು?"

"ಕಾಯುತ್ತೆ."

ಅವರ ಬಾಯಲ್ಲಿ ಆ ಮಾತು ಹೊಸದು.

ಮೋಟರು ಕೋಣೆಯಲ್ಲಿ ಫ್ಯೂಸ್ ಕಿತ್ತು ಜೇಬಿಗಿಳಿಸಿದರು. ಈ ಸಲ ಕನ್ನಡಕ ಹಾಕಿಕೊಂಡರು. ಟೈಮರಿನ ಬಿಲ್ಲೆಯ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಗೆರೆಗಳಿದ್ದವು, ಪ್ರತಿ ಗೆರೆಯ ಪಕ್ಕ ಇರುವೆಯಂಥ ಅಕ್ಷರದಲ್ಲಿ ತಾರೀಖು. ಮೊದಲನೆಯದು ಹದಿನಾಲ್ಕು ವರ್ಷದ ಹಿಂದಿನದು, ಒಂಬತ್ತರ ಹತ್ತಿರ. ಆಮೇಲೆ ಹನ್ನೊಂದು. ಎರಡು ವರ್ಷ ಅಲ್ಲೇ ನಿಂತಿತ್ತು, ಆ ಕಾಲದಲ್ಲಿ ಅಮ್ಮ ಚೇತರಿಸಿಕೊಂಡಿರಬೇಕು. ಹದಿನಾಲ್ಕು. ಹದಿನೆಂಟು. ಇಪ್ಪತ್ತಮೂರರ ಪಕ್ಕದಲ್ಲಿದ್ದದ್ದು ಹೋದ ತಿಂಗಳ ತಾರೀಖು. ಅದರಾಚೆ ಇನ್ನೂ ಒಂದು ಗೆರೆ, ಇಪ್ಪತ್ತೆಂಟಕ್ಕೆ. ಅದರ ಪಕ್ಕ ತಾರೀಖಿರಲಿಲ್ಲ.

ಮ್ಯಾನೇಜರಿಗೆ ದುಃಖ ಒತ್ತರಿಸಿ ಬಂತು. ನಾನೂರು ಲಿಫ್ಟುಗಳು ಅವರ ಕೈಕೆಳಗಿದ್ದವು, ಅವುಗಳಲ್ಲಿ ಹತ್ತಿ ಇಳಿದ ಒಬ್ಬರ ನಡಿಗೆಯೂ ಅವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಹೋದ ಮೇಲೆ ಫೋನು ಹೊಡೆದುಕೊಂಡರೆ ಅದು ತಪ್ಪು ನಂಬರಿನವರದು. ಕಂಪನಿಯವರನ್ನು ಕೇಳಿ ಬರೆದುಕೊಂಡಿರಬೇಕು, ಈ ಗೋಡೆಯ ಮೇಲೆ ಮಾತ್ರ ಅವರ ನಂಬರು ಇತ್ತು, ಇಷ್ಟು ಕಾಲ ಯಾರೂ ಅಳಿಸದೆ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಬಿಳಿ ತೋಳಿಗೆ ಎಣ್ಣೆ ಮೆತ್ತಿತು.

ತಿರುಪನ್ನು ಇಪ್ಪತ್ತೆಂಟಕ್ಕೆ ತಂದು ನಿಲ್ಲಿಸಿದರು. ಮೋಟು ಪೆನ್ಸಿಲ್ ತೆಗೆದು, ಇವತ್ತಿನ ತಾರೀಖು ಬರೆದರು.

ಕೆಳಗೆ ವ್ಯಾನು ಎರಡು ಸಲ ಹಾರ್ನ್ ಹೊಡೆಯಿತು. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಅಮ್ಮ ಗೋಡೆ ಹಿಡಿದು ತಾವೇ ಎದ್ದು ನಿಂತಿದ್ದರು, ತಮ್ಮ ಮನೆಯ ಹೊಸ್ತಿಲಿನಲ್ಲಿ, ಯಾವತ್ತೂ ಹೊರಡುವ ಜಾಗದಲ್ಲೇ. ಮ್ಯಾನೇಜರು ಲಿಫ್ಟಿನ ಒಳಗೆ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

"ಹಿಡ್ಕೋಬೇಡ," ಎಂದರು ಅಮ್ಮ.

"ಇಲ್ಲಮ್ಮ."

ವಾಕರು ಟಕ್ ಎಂದಿತು. ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಮ್ಯಾನೇಜರು ಒಳಗೊಳಗೇ ಎಣಿಸಿದರು. ಆರಾಯಿತು, ಹನ್ನೊಂದಾಯಿತು. ಅಮ್ಮ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಹದಿನೆಂಟು. ಬೆನ್ನ ಹಿಂದೆ ಅವರ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಇಪ್ಪತ್ತಮೂರು. ವಾಕರಿನ ಮುಂಗಾಲು ಒಳಗೆ ಬಂತು. ಇಪ್ಪತ್ತೈದಕ್ಕೆ ಅಮ್ಮನ ಹಿಂದಿನ ಪಾದವೂ ಬಂತು.

"ನೋಡ್ದ್ಯಾ," ಎಂದರು ಅಮ್ಮ, ಏದುಸಿರು ಬಿಡುತ್ತ. "ಹತ್ತಿದೆ."

"ಗೆದ್ರಿ ಅಮ್ಮ."

ಅಮ್ಮ ಬಾಗಿಲಿನ ಕಡೆ ತಲೆ ಹೊರಳಿಸಿದರು. ಇನ್ನು ಯಾರೂ ಬರುವವರಿಲ್ಲದ ಹಜಾರದ ಕಡೆಗೆ ಬಾಗಿಲು ಇನ್ನೂ ತೆರೆದೇ ಇತ್ತು.